ಸೋಮವಾರ ದೋಣಿ ಎಳೆದದ್ದು

ನಮ್ಮ ಮನೆಯವರ ಹತ್ತಿರ ಒಂದು ಹಾಯಿದೋಣಿ ಇದೆ ಎಂದರೆ ಹಾನಗಲ್ಲಿನಲ್ಲಿ ಈಗಲೂ ಯಾರೂ ತಟ್ಟನೆ ನಂಬುವುದಿಲ್ಲ. ಟ್ರ್ಯಾಕ್ಟರಿನ ಬಿಡಿಭಾಗ ಮಾರುವ ಅಂಗಡಿಕಾರನಿಗೆ ದೋಣಿ ಯಾಕೆ, ಅದೂ ಕಪ್ಪೆಯನ್ನು ಬಿಟ್ಟರೆ ಬೇರೆ ಯಾರಿಗೂ ಈಜುವ ದರ್ದಿಲ್ಲದ ಊರಿನಲ್ಲಿ, ಎಂದು ಕೇಳುತ್ತಾರೆ. ಕೇಳುವವರ ತಪ್ಪಲ್ಲ. ನಾನೂ ಕೇಳಿದ್ದೆ, ಇಡೀ ಓಣಿಗೆ ಕೇಳಿಸುವಷ್ಟು ಜೋರಾಗಿ ಕೇಳಿದ್ದೆ.

ಮದುವೆಯಾದ ಹೊಸದರಲ್ಲಿ ಇವರು ನೌಕಾಪಡೆಯಲ್ಲಿದ್ದರು. ಆ ನೌಕರಿ ಮುಗಿಸಿ ಊರಿಗೆ ಬಂದು ಅಂಗಡಿ ಹಾಕಿದ ಮೇಲೆ ಬಹಳ ವರ್ಷ ಸಮುದ್ರದ ಮಾತು ಎತ್ತಲಿಲ್ಲ. ಬೇರಿಂಗು, ಬೆಲ್ಟು, ಫಿಲ್ಟರು ಎಂದು ತಮ್ಮ ಪಾಡಿಗೆ ಇದ್ದರು. ನೀರಿನ ಹುಚ್ಚು ಬಿಟ್ಟಿತು ಅಂದುಕೊಂಡು ನಾನು ನೆಮ್ಮದಿಯಾಗಿದ್ದೆ. ಹುಚ್ಚು ಬಿಟ್ಟಿರಲಿಲ್ಲ, ನಿದ್ದೆ ಮಾಡುತ್ತಿತ್ತು. ಒಂದು ಬೆಳಿಗ್ಗೆ ಕಾರವಾರದ ಕಡೆಯಿಂದ ಬಂದ ಲಾರಿಯೊಂದು ತಳ ಒಡೆದ, ಬಣ್ಣ ಹೋದ ಹಳೆಯ ದೋಣಿಯನ್ನು ನಮ್ಮ ಹಿತ್ತಲಿಗೆ ಇಳಿಸಿ ಹೋಯಿತು. ಇಬ್ಬರು ಕೂರುವಂಥದ್ದು, ಉದ್ದ ಒಂದು ಚಕ್ಕಡಿಯಷ್ಟು. ಅಂದಿನಿಂದ ನನಗೊಬ್ಬ ಸವತಿ ಬಂದಂತಾಯಿತು.

ಅಂಗಡಿ ಮುಚ್ಚಿದ ಮೇಲೆ ಇವರು ಹಿತ್ತಲಲ್ಲೇ. ಒಡೆದಲ್ಲಿ ಹೊಸ ಪದರ ಕೂರಿಸಿದರು, ಉಜ್ಜಿದರು, ಮತ್ತೆ ಕೂರಿಸಿದರು. ಅಂಟಿನ ವಾಸನೆ ನನ್ನ ಸಾರಿನವರೆಗೂ ಬರುತ್ತಿತ್ತು. ಸವಣೂರಿನ ನನ್ನ ತವರಿನಿಂದ ಅವ್ವ ಎಲೆ, ಖಾರಾ ಕಟ್ಟಿಕೊಂಡು ಬಂದಾಗ ಇವರು ಹೊಲಿಗೆ ಯಂತ್ರದ ಮುಂದೆ ಕೂತು ಹಾಯಿಯ ಬಟ್ಟೆ ಹೊಲಿಯುತ್ತಿದ್ದರು. ಅವ್ವ ದೋಣಿಯನ್ನು ಒಂದು ಸುತ್ತು ಹಾಕಿ ನೋಡಿದಳು. ಮಗಳಿಗೆ ಒಂದು ರವಿಕೆಯ ಗುಂಡಿ ಹಚ್ಚಿಕೊಡದ ಅಳಿಯ ಇದಕ್ಕೆ ಸೀರೆಯನ್ನೇ ಹೊಲಿಯುತ್ತಾನಲ್ಲ ಎಂದು ನನ್ನ ಕಿವಿಯಲ್ಲಿ ಅಂದಳು. ಅಳಿಯನ ಕಿವಿಗೂ ಬಿತ್ತು. ಅವರು ತಲೆ ಎತ್ತಲಿಲ್ಲ.

ದೋಣಿ ರಸ್ತೆಯ ಮೇಲೆ ಹೋಗಬೇಕಾದರೆ ಅದಕ್ಕೊಂದು ಟ್ರೇಲರ್ ಬೇಕು. ಅದನ್ನು ಮಾಡಿಕೊಟ್ಟವರು ಶಿಗ್ಗಾಂವಿಯ ಒಬ್ಬ ವೆಲ್ಡಿಂಗ್ ಅಂಗಡಿಯವರು. ಅವರು ಜೀವಮಾನದಲ್ಲಿ ಮಾಡಿದ್ದೆಲ್ಲ ಗೊಬ್ಬರ, ಗೋವಿನಜೋಳ ಹೇರುವ ಟ್ರೇಲರ್‌ಗಳು. ಹಳೆಯ ಕಾರೊಂದರ ಅಚ್ಚು, ಎರಡು ಗಾಲಿ, ಮೇಲೆ ದೋಣಿಯ ಹೊಟ್ಟೆ ಕೂರಲು ಜಮಖಾನೆ ಸುತ್ತಿದ ಎರಡು ಹಲಗೆ, ಮುಂದೆ ಮೂತಿ ಆನಿಸಲು ಒಂದು ಗೂಟ. ಎಲ್ಲ ಮುಗಿದ ಮೇಲೆ, ದೋಣಿ ಇಲ್ಲದ ದಿನ ಇದರಲ್ಲಿ ಏನು ಹೇರುತ್ತೀರಿ ಎಂದು ಕೇಳಿದರು. ಏನೂ ಇಲ್ಲ ಎಂದು ಇವರು ಹೇಳಿದಾಗ ಆ ಮನುಷ್ಯನಿಗೆ ಆದ ಬೇಸರವನ್ನು ನಾನು ಕಣ್ಣಾರೆ ಕಂಡೆ.

ಮಳೆಗಾಲದಲ್ಲಿ ಕೆರೆಗಳು ತುಂಬಿದ ಮೇಲೆ, ಅಂಗಡಿಗೆ ರಜೆ ಇರುವ ಸೋಮವಾರ, ನಾವು ಹಂಸಭಾವಿ ದಾಟಿ ಹಿರೇಕೆರೂರು ತಾಲೂಕಿನ ಒಂದು ದೊಡ್ಡ ಕೆರೆಗೆ ಹೋಗುತ್ತಿದ್ದೆವು. ಜೀಪು ನಾನೇ ನಡೆಸುತ್ತೇನೆ. ನೀರು ಒಂದನ್ನು ಬಿಟ್ಟು ಬೇರೆ ಯಾವುದಕ್ಕೂ ಹೆದರುವವಳಲ್ಲ ನಾನು. ಇವರು ಕಿತ್ತಳೆ ಬಣ್ಣದ ತೇಲುವ ಅಂಗಿ ತೊಟ್ಟು ನೀರಿಗೆ ಇಳಿದರೆ ನಾನು ದಡದ ಮೇಲೆ ಮಂಡಕ್ಕಿಗೆ ಸವಣೂರಿನ ಖಾರಾ ಕಲಸಿಕೊಂಡು ಕೂರುತ್ತಿದ್ದೆ. ಆ ದೋಣಿಯನ್ನು ಎಷ್ಟು ಬೈದರೂ ಒಂದು ಮಾತು ಹೇಳಲೇಬೇಕು. ಮೊದಲ ಸಲ ಅದರ ಹಾಯಿ ಗಾಳಿ ತುಂಬಿಕೊಂಡು ಹೊರಟಾಗ ನನ್ನ ಕೈಯೊಳಗಿನ ಮಂಡಕ್ಕಿ ಕೈಯಲ್ಲೇ ಉಳಿಯಿತು. ನಾನು ಒಕ್ಕಲುತನದ ಮನೆಯ ಮಗಳು. ಗಾಳಿ ಎಂದರೆ ಕಣದಲ್ಲಿ ರಾಶಿ ತೂರಲು ಕಾಯುವಂಥದ್ದು, ಹೊಟ್ಟನ್ನು ಆಚೆ ಒಯ್ದು ಕಾಳನ್ನು ಕಾಲಬುಡಕ್ಕೆ ಬಿಡುವಂಥದ್ದು. ಅದೇ ಗಾಳಿ ಒಬ್ಬ ಮನುಷ್ಯನನ್ನು ಎತ್ತಿಕೊಂಡು, ಎಣ್ಣೆಯಿಲ್ಲದೆ, ಸದ್ದಿಲ್ಲದೆ ಕೆರೆ ದಾಟಿಸುತ್ತದೆಂದು ನನಗೆ ಗೊತ್ತಿರಲಿಲ್ಲ. ಮೈ ಜುಮ್ಮೆಂದಿತ್ತು. ಇವರಿಗೆ ಹೇಳಲಿಲ್ಲ, ಹೇಳಿದ್ದರೆ ಇನ್ನೊಂದು ದೋಣಿ ತರುತ್ತಿದ್ದರು.

ಅದಕ್ಕಿಂತ ದೊಡ್ಡ ಬೆರಗು ದೋಣಿಯನ್ನು ಮೇಲೆ ತರುವ ಹೊತ್ತಿನದು. ಅದು ನನಗೂ ಪಾಲು ಇದ್ದ ಕೆಲಸ. ಟ್ರೇಲರನ್ನು ಗಾಲಿ ಮುಳುಗುವವರೆಗೆ ನೀರಿಗೆ ಇಳಿಸಬೇಕು. ಇವರು ಹಾಯಿ ಇಳಿಸಿ, ಹಿಂದಿನ ಚುಕ್ಕಾಣಿ ಬಿಚ್ಚಿ, ದೋಣಿಯನ್ನು ತೇಲಿಸಿಕೊಂಡು ಬಂದು ಅದರ ಮೇಲೆ ನಿಲ್ಲಿಸಿ, ಮೂತಿಯನ್ನು ಗೂಟಕ್ಕೆ ಕಟ್ಟುತ್ತಾರೆ. ಅಲ್ಲಿಯವರೆಗೆ ದೋಣಿಗೆ ತೂಕವೇ ಇಲ್ಲ, ಒಂದು ಬೆರಳಿಂದ ದೂಡಿದರೆ ಸರಿಯುತ್ತದೆ. ನಾನು ಜೀಪನ್ನು ಮೆಲ್ಲಗೆ ಮುಂದಕ್ಕೆ ತರುತ್ತಿದ್ದಂತೆ ಒಂದು ಕ್ಷಣದಲ್ಲಿ ನೀರು ಕೈಬಿಡುತ್ತದೆ. ಆಗ ಇಷ್ಟೂ ಹೊತ್ತು ಎಲ್ಲಿತ್ತೋ ಆ ತೂಕವೆಲ್ಲ ಒಮ್ಮೆಗೇ ಬಂದು ಟ್ರೇಲರಿನ ಮೇಲೆ ಕೂರುತ್ತದೆ. ಜೀಪಿನ ಸ್ಟೇರಿಂಗ್ ಹಿಡಿದ ನನ್ನ ಕೈಗೆ ಅದು ತಿಳಿಯುತ್ತಿತ್ತು. ಇಷ್ಟನ್ನು ಈ ನೀರು ಸುಮ್ಮನೆ ಹೊತ್ತುಕೊಂಡಿತ್ತೇ ಎಂದು ಪ್ರತಿ ಸಲವೂ ಅನ್ನಿಸುತ್ತಿತ್ತು.

ನಾನು ಹೇಳಹೊರಟ ಸೋಮವಾರ ಶ್ರಾವಣದ್ದು. ಕೆರೆ ಅಂಚಿನವರೆಗೆ ತುಂಬಿತ್ತು. ಬೆಳಿಗ್ಗೆ ಪಡುವಣ ದಡದ ಗಟ್ಟಿ ಗರಸಿನ ದಾರಿಯಿಂದ ದೋಣಿ ಇಳಿಸಿದೆವು. ಮಧ್ಯಾಹ್ನದ ಹೊತ್ತಿಗೆ ಗಾಳಿ ಜೋರಾಯಿತು. ಇವರು ಕೆರೆಯ ನಡುವೆ ಇದ್ದಾಗ ದೋಣಿ ಗಿರಕಿ ಹೊಡೆದು ಒಂದು ಮಗ್ಗುಲಿಗೆ ವಾಲಿತು, ತೆರೆಯೊಂದು ಒಳಗೆ ನುಗ್ಗಿತು. ಚುಕ್ಕಾಣಿಯ ಕೀಲು ಮುರಿದಿತ್ತು ಎಂದು ನನಗೆ ಆಮೇಲೆ ಗೊತ್ತಾಯಿತು. ಇವರು ಸರ್ರನೆ ಹಾಯಿ ಇಳಿಸಿದರು. ಆದರೆ ಗಾಳಿಗೆ ಹಾಯಿಯೇ ಬೇಕೆಂದಿಲ್ಲ. ಅರ್ಧ ನೀರು ತುಂಬಿದ ದೋಣಿಯನ್ನು ಅದು ಎದುರಿನ ಏರಿಯ ಕಡೆಗೆ, ಕಲ್ಲು ಕಟ್ಟಿದ ಗೋಡೆಯ ಕಡೆಗೆ ತಳ್ಳಿಕೊಂಡು ಹೋಯಿತು.

ನಾನು ಖಾಲಿ ಟ್ರೇಲರ್ ಎಳೆದುಕೊಂಡು ಜೀಪಿನಲ್ಲಿ ಸುತ್ತು ಹಾಕಿ ಆ ಮೂಲೆಗೆ ಬಂದೆ. ಏರಿಯ ಕಲ್ಲು ಮುಗಿದು ಹೂಳು ಶುರುವಾಗುವ ಜಾಗ ಅದು. ಇವರು ಎದೆಮಟ್ಟದ ನೀರಿನಲ್ಲಿ, ದೋಣಿಗೂ ಕಲ್ಲಿಗೂ ನಡುವೆ ನಿಂತಿದ್ದರು. ಬೆನ್ನು ಕಲ್ಲಿನ ಕಡೆ, ಎರಡೂ ಕೈ ದೋಣಿಯ ಅಂಚಿನ ಮೇಲೆ. ತೆರೆ ಬಂದಾಗಲೆಲ್ಲ ದೋಣಿ ಅವರ ಮೇಲೆ ಏರಿ ಬರುತ್ತಿತ್ತು, ಅವರು ತಡೆದು ಹಿಂದಕ್ಕೆ ದಬ್ಬುತ್ತಿದ್ದರು. ಬಿಟ್ಟರೆ ಅದು ಕಲ್ಲಿಗೆ ಬಡಿದು ಚೂರಾಗುತ್ತದೆ. ಬಿಡದಿದ್ದರೆ ಯಾವುದೋ ಒಂದು ತೆರೆ ಅವರನ್ನೇ ಕಲ್ಲಿಗೆ ಒತ್ತುತ್ತದೆ. ಅರವತ್ತು ದಾಟಿದ ಗಂಡ.

ಬಿಟ್ಟು ಬರ್ರಿ, ದೋಣಿ ಹೋದರ ಹೋಗಲಿ ಎಂದು ಏರಿಯ ಮೇಲಿಂದ ಕೂಗಿದೆ. ಅವರು ಈ ಕಡೆ ತಿರುಗಲಿಲ್ಲ.

"ಟ್ರೇಲರ್ ತಾ," ಅಂದರು ಅಷ್ಟೇ.

ತರಲು ನೋಡಿದೆ. ಏರಿಯಿಂದ ಇಳಿದು ಹೂಳಿನ ಅಂಚಿಗೆ ಬರುತ್ತಿದ್ದಂತೆ ಜೀಪಿನ ಮುಂದಿನ ಗಾಲಿಗಳು ಕುಸಿದವು. ದೇವರ ದಯೆ, ಹಿಂದಕ್ಕೆ ಬಂತು. ಟ್ರೇಲರನ್ನು ಬಿಚ್ಚಿ ಒಬ್ಬಳೇ ತಳ್ಳಿದೆ. ಅದು ತನ್ನ ಪಾಡಿಗೆ ಕೆಸರಿನಲ್ಲಿ ಕೂತುಬಿಟ್ಟಿತು. ಫೋನಿಗೆ ಸಿಗ್ನಲ್ ಇರಲಿಲ್ಲ. ಏರಿಯ ಆಚೆ ತುಸು ಎತ್ತರದಲ್ಲಿ ಕೆಲವು ಮನೆಗಳು ಕಾಣುತ್ತಿದ್ದವು. ಸೀರೆ ಎತ್ತಿ ಕಟ್ಟಿಕೊಂಡು ಓಡಿದೆ. ಆ ವಯಸ್ಸಿನಲ್ಲಿ ನಾನು ಓಡಿದ್ದನ್ನು ನೋಡಿದ್ದರೆ ಅವ್ವ ನಗುತ್ತಿದ್ದಳೋ ಅಳುತ್ತಿದ್ದಳೋ.

ಮೊದಲು ಸಿಕ್ಕವರು ಟ್ರ್ಯಾಕ್ಟರ್ ಇದ್ದವರು. ಕೇಳಿದ ಕೂಡಲೇ ನನ್ನ ಜೊತೆ ಏರಿಯವರೆಗೆ ಬಂದರು, ಹೂಳನ್ನು ನೋಡಿದರು, ಒಂದು ಕಲ್ಲು ಎಸೆದರು. ಕಲ್ಲು ಕಾಣದಂತಾಯಿತು. ಟ್ರ್ಯಾಕ್ಟರ್ ಇಳಿದರೆ ಅದನ್ನು ತೆಗೆಯಲು ಇನ್ನೊಂದು ಬೇಕಾಗುತ್ತದೆ, ಈ ಹೂಳಿನಲ್ಲಿ ನಡೆದರೆ ಎತ್ತು ಮಾತ್ರ ನಡೆದಾವು ಎಂದರು. ಪಕ್ಕದ ಮನೆಯಲ್ಲೇ ಒಂದು ಜೋಡಿ ಇದೆ ಎಂದು ತೋರಿಸಿದರು.

ಆ ಮನೆಯ ಅಂಗಳದಲ್ಲಿ ಒಬ್ಬ ಹಿರಿಯರು ಎತ್ತಿನ ಮೈ ಒರೆಸುತ್ತಿದ್ದರು. ಎರಡು ಬಿಳಿಯ ಎತ್ತು, ಆಗಷ್ಟೇ ತೊಳೆದ ಮೈ, ಹಣೆಯ ಮೇಲೆ ವಿಭೂತಿ. ನಾನು ಏದುಸಿರಿನಲ್ಲೇ ಎಲ್ಲವನ್ನೂ ಹೇಳಿದೆ. ಗಂಡ, ನೀರು, ಕಲ್ಲು, ದೋಣಿ, ಯಾವುದು ಮೊದಲು ಯಾವುದು ಆಮೇಲೆ ಎಂಬ ಪರಿವೆ ಇರಲಿಲ್ಲ. ಅವರು ಪೂರ್ತಿ ಕೇಳಿಸಿಕೊಂಡರು. ಎತ್ತಿನ ಬೆನ್ನ ಮೇಲಿನ ಕೈ ತೆಗೆಯಲಿಲ್ಲ.

"ತಂಗಿ, ಇವತ್ತ ಸೋಮವಾರ ಐತಿ," ಅಂದರು. "ಎತ್ತ ಹೂಡಂಗಿಲ್ಲಲ್ಲ."

ನನಗೆ ಅದು ಮರೆತೇಹೋಗಿತ್ತು. ನಮ್ಮ ಸೀಮೆಯಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಏರಿಸುವುದಿಲ್ಲ. ಅದು ಬಸವಣ್ಣನ ದಿನ. ವಾರವೆಲ್ಲ ದುಡಿದ ಪ್ರಾಣಿಗೆ ಮೈ ತೊಳೆದು, ಕೈಮುಗಿದು, ಮೇಯಲು ಬಿಡುತ್ತಾರೆ. ಬಿತ್ತನೆಯ ಹದ ಹಾರಿಹೋಗುತ್ತಿದ್ದರೂ ನನ್ನ ಅಪ್ಪ ಸೋಮವಾರ ಹೂಡಿದವನಲ್ಲ. ಅಂಗಡಿಗೆ ಸೋಮವಾರ ರಜೆ ಎಂಬುದು ನೆನಪಿತ್ತು, ಎತ್ತಿಗೂ ಅಂದೇ ರಜೆ ಎಂಬುದು ಹಾನಗಲ್ಲಿನ ಪೇಟೆಯಲ್ಲಿ ಇದ್ದೂ ಇದ್ದೂ ಮರೆತಿತ್ತು. ಆದರೂ ಸಿಟ್ಟು ಬಂತು. ಸುಳ್ಳು ಯಾಕೆ ಹೇಳಲಿ, ಬಸವಣ್ಣನ ಮೇಲೂ ಬಂತು.

"ನೀರಾಗ ನಿಂತವರು ನಮ್ಮ ಮನಿಯವರ್ರಿ," ಅಂದೆ. "ಅವರು ಕೈ ಬಿಡೂ ಪೈಕಿ ಅಲ್ಲ."

ಹಿರಿಯರು ನನ್ನ ಮುಖ ನೋಡಿದರು. ಆಮೇಲೆ ಎತ್ತುಗಳ ಹಗ್ಗ ಬಿಚ್ಚಿ, ಮೇಯಲು ಏರಿಯ ಕಡೆಗೆ ಹೊಡೆದು, ಹೆಗಲ ಮೇಲಿನ ವಸ್ತ್ರವನ್ನು ತಲೆಗೆ ಸುತ್ತಿಕೊಂಡರು.

"ಸೂಟಿ ಎತ್ತಿಗೈತಿ, ನಮಗಿಲ್ಲ. ನಡಿ."

ಆಮೇಲೆ ನಡೆದದ್ದನ್ನು ಎಷ್ಟು ಸಲ ನೆನೆದರೂ ನನಗೆ ಅದು ಹಳೆಯದಾಗುವುದಿಲ್ಲ. ಆ ಹಿರಿಯರು ಯಾರನ್ನೂ ಬೇಡಿಕೊಳ್ಳಲಿಲ್ಲ, ಮನೆಯ ಮುಂದೆ ನಿಂತು ಒಂದು ಕೂಗು ಹಾಕಿದರು. ಮನೆಮನೆಯಿಂದ ಮಂದಿ ಹೊರಬಿತ್ತು. ಸೋಮವಾರವಾದ್ದರಿಂದ ಹೊಲಕ್ಕೆ ಹೋಗದೆ ಗಂಡಸರು ಮನೆಯಲ್ಲೇ ಇದ್ದರು. ನಾನು ಬೈದುಕೊಂಡ ಆ ದಿನವೇ ಅವರನ್ನು ಮನೆಯಲ್ಲಿ ಉಳಿಸಿತ್ತು. ಹಿರಿಯರ ಹೆಂಡತಿ ಒಲೆಯ ಮುಂದಿನಿಂದ ಎದ್ದು ಬಂದವಳು ಸಂಗತಿ ತಿಳಿದುಕೊಂಡು ನೇರ ಹಿತ್ತಲಿಗೆ ಹೋದಳು. ಅಲ್ಲಿ ಅವರ ವರ್ಷದ ಉರುವಲು, ಹತ್ತಿಕಟ್ಟಿಗೆಯ ಬಣವಿ ಒಟ್ಟಿತ್ತು. ಮಳೆಗೆ ನೆನೆಯದಂತೆ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಕಟ್ಟಿದ್ದರು. ಆಕೆ ಹಾಳೆ ಸರಿಸಿ ಮೊದಲ ಹೊರೆಯನ್ನು ತಾನೇ ಎಳೆದು ತಲೆಯ ಮೇಲೆ ಇಟ್ಟುಕೊಂಡಳು. ಉಳಿದ ಹೆಂಗಸರು ತಂತಮ್ಮ ಬಣವಿಗಳಿಗೆ ಕೈ ಹಾಕಿದರು.

ಆ ಒಣ ಕಟ್ಟಿಗೆಯನ್ನು ಹೂಳಿನ ಮೇಲೆ ಅಡ್ಡಡ್ಡ ಹಾಸುತ್ತ ಹೋದರು. ಮೊದಲ ಹೊರೆ ಮುಳುಗಿತು. ಅದರ ಮೇಲೆ ಇನ್ನೊಂದು, ಮತ್ತೊಂದು. ನನ್ನ ಕಣ್ಣೆದುರಿಗೇ, ಅರ್ಧ ತಾಸಿನ ಹಿಂದೆ ಕಲ್ಲನ್ನು ನುಂಗಿದ ಕೆಸರಿನ ಮೇಲೆ ನೀರಿನವರೆಗೆ ಒಂದು ದಾರಿ ಆಯಿತು. ಚಳಿಗಾಲದ ಬೆಳಗಿನಲ್ಲಿ ಯಾರದೋ ಸ್ನಾನದ ನೀರು ಕಾಯಿಸಬೇಕಾದ ಕಟ್ಟಿಗೆ ಅದು. ಅದನ್ನು ತಂದು ಕೆಸರಿಗೆ ಸುರಿಯುವಾಗ ಒಬ್ಬರ ಮುಖದಲ್ಲೂ ನಾನು ಹಿಂಜರಿಕೆ ಕಾಣಲಿಲ್ಲ. ನಿಮ್ಮವರು ಯಾವ ಊರಿನವರು, ಯಾವ ಪೈಕಿ ಎಂದು ಸಹ ಕೇಳಲಿಲ್ಲ. ಇದು ಯಾತಕ್ಕೆ ಬೇಕಾಗಿತ್ತು ನಿಮಗೆ ಎಂದು ಒಬ್ಬಾಕೆ ಮಾತ್ರ ಕೇಳಿದಳು.

ಗಂಡಸರು ಟ್ರೇಲರನ್ನು ಎತ್ತಿ ಆ ದಾರಿಯ ಮೇಲೆ ಉರುಳಿಸಿಕೊಂಡು ನೀರಿಗೆ ಇಳಿಸಿದರು. ಅದರ ಕೊಂಡಿಗೆ ಚಕ್ಕಡಿಯ ಉದ್ದನೆಯ ಹಗ್ಗ ಬಿಗಿದರು. ಗಟ್ಟಿ ನೆಲದ ಮೇಲಿನ ಜೀಪಿಗಾಗಲಿ ಟ್ರ್ಯಾಕ್ಟರಿಗಾಗಲಿ ಅದು ಮುಟ್ಟುವಂತಿರಲಿಲ್ಲ, ಕೈಯಿಂದಲೇ ಎಳೆಯಬೇಕು. ಯಾರೋ ಒಬ್ಬ ನೊಗ ತಂದರೆ ಒತ್ತಿ ಎಳೆಯಲು ಸಲೀಸು ಎಂದ. ಹಿರಿಯರು ಬೇಡವೆಂದರು. ಎತ್ತಿನ ಮೇಲೆ ಇಡದಿದ್ದರೂ ಸೋಮವಾರ ನೊಗ ನೊಗವೇ. ಹಾಗಾಗಿ ಬಿದಿರಿನ ಗಳಗಳನ್ನು ಹಗ್ಗಕ್ಕೆ ಅಡ್ಡ ಕಟ್ಟಿ, ಎದೆ ಕೊಟ್ಟು ನಿಂತರು. ನೀರಿನಲ್ಲಿ ಇಬ್ಬರು ಇಳಿದು ಇವರ ಜೊತೆ ದೋಣಿಯನ್ನು ಹಿಡಿದು, ತೆರೆ ಇಳಿಯುವುದನ್ನು ಕಾದು, ಕಲ್ಲಿನಿಂದ ಸರಿಸಿ, ಟ್ರೇಲರಿನ ಮೇಲೆ ತೇಲಿಸಿ ತಂದರು. ಮೂತಿ ಗೂಟಕ್ಕೆ ಬಿತ್ತು. ಇವರು ಹಿಂದಿನ ತುದಿಯನ್ನು ಹಿಡಿದುಕೊಂಡು ಅಲುಗದಂತೆ ನಿಂತರು. ಅವರ ತುಟಿ ನೀಲಿಯಾಗಿತ್ತು.

ನಾನು ಏರಿಯ ಮೇಲೆ ನಿಂತು ನೋಡಲಿಲ್ಲ. ಹೆಂಗಸರು ಹಗ್ಗದ ಬಾಲ ಹಿಡಿದಿದ್ದರು. ಅವರ ನಡುವೆ ನುಗ್ಗಿ ಹಿಡಿದೆ.

ಹಿರಿಯರು ಕೂಗು ಕೊಟ್ಟರು, ಎಲ್ಲರೂ ಓಗೊಟ್ಟು ಎಳೆದೆವು. ಏನೂ ಆಗಲಿಲ್ಲ. ಮತ್ತೆ ಎಳೆದೆವು. ಹಗ್ಗ ಬಿಗಿದು ನೀರು ಚಿಮ್ಮಿಸಿತು, ಕಾಲ ಕೆಳಗೆ ಕಟ್ಟಿಗೆ ಲಟಲಟ ಅಂದಿತು. ನೀರು ಇನ್ನೂ ದೋಣಿಯನ್ನು ಬಿಟ್ಟುಕೊಡಲು ಒಪ್ಪಿರಲಿಲ್ಲ. ಮೂರನೆಯದೋ ನಾಲ್ಕನೆಯದೋ ಎಳೆತಕ್ಕೆ ಅದು ಒಪ್ಪಿತು. ತೂಕ ಬಂತು. ಜೀಪಿನ ಸ್ಟೇರಿಂಗಿನಲ್ಲಿ ಬರುತ್ತಿದ್ದ ತೂಕವಲ್ಲ ಅದು, ನನ್ನ ಅಂಗೈಗೆ, ಭುಜಕ್ಕೆ, ಹಿಮ್ಮಡಿಗೆ ಬಂದ ತೂಕ. ಒಂದು ದೋಣಿಯ ಭಾರ, ಅದರೊಳಗಿನ ಕೆರೆಯ ಭಾರ. ಹೊರಲಾರೆ ಅನ್ನಿಸಿದ ಕ್ಷಣಕ್ಕೇ ತಿಳಿಯಿತು, ನಾನೊಬ್ಬಳೇ ಹೊತ್ತಿಲ್ಲ ಎಂದು. ಮುಂದಿನ ಬೆನ್ನುಗಳು ಬಾಗಿದ್ದವು, ಹಿಂದಿನ ಉಸಿರು ನನ್ನ ಕುತ್ತಿಗೆಗೆ ತಾಗುತ್ತಿತ್ತು. ಗಾಲಿ ಒಂದು ಸುತ್ತು ತಿರುಗಿತು. ನೀರಿಗೆ ಇಳಿದಿದ್ದ ಒಬ್ಬರು ಬಿರಡೆ ಕಿತ್ತರು, ದೋಣಿಯ ಹಿಂದಿನ ಕಿಂಡಿಯಿಂದ ನೀರು ಧೋ ಎಂದು ಸುರಿಯತೊಡಗಿತು. ಸುರಿದಷ್ಟೂ ಹಗುರಾಗುತ್ತ ಅದು ಮೇಲೆ ಬಂತು, ಹತ್ತಿಕಟ್ಟಿಗೆಯ ಮೇಲೆ ಕುಲುಕುತ್ತ, ಗಟ್ಟಿ ನೆಲದವರೆಗೆ ಬಂತು. ಏರಿಯ ಮೇಲೆ ಆ ಎರಡು ಬಿಳಿಯ ಎತ್ತು ಮೇಯುವುದನ್ನು ಬಿಟ್ಟು, ಮೆಲುಕು ಹಾಕುತ್ತ, ಮನುಷ್ಯರು ಎಳೆಯುವುದನ್ನು ನೋಡುತ್ತ ನಿಂತಿದ್ದವು. ದೇವರಿಗೆ ಕೈಮುಗಿಯುವುದು ನನಗೆ ದಿನದ ರೂಢಿ, ಆದರೆ ಅಂದಿನಂತೆ ಯಾವತ್ತೂ ಕೈ ತಾನಾಗಿ ಎದ್ದಿರಲಿಲ್ಲ. ಎತ್ತಿಗೆ ಮುಗಿದೆನೋ ಮಂದಿಗೆ ಮುಗಿದೆನೋ ನನಗೇ ಗೊತ್ತಿಲ್ಲ.

ಎಳೆದವರೆಲ್ಲ ಕೆಸರಿನಲ್ಲೇ ಕುಸಿದು ಕೂತರು. ಯಾರೋ ನಕ್ಕರು, ನಗು ಹಬ್ಬಿತು. ನಾನು ಹಗ್ಗ ಬಿಟ್ಟು ದೋಣಿಯ ಹಿಂದಕ್ಕೆ ಹೋದೆ. ಇವರು ಅಲ್ಲೇ ಇದ್ದರು. ನೀರಿನಿಂದ ಅಷ್ಟು ದೂರ ದೋಣಿಯ ಜೊತೆಗೇ ನಡೆದು ಬಂದಿದ್ದರು, ಕಣ್ಣು ಮುಚ್ಚಿದ್ದರು, ಎರಡೂ ಕೈ ಇನ್ನೂ ದೋಣಿಯ ಅಂಚಿನ ಮೇಲೆ. ಬಂತು ಬಿಡ್ರಿ ಅಂದೆ. ಬಿಡಲಿಲ್ಲ. ಹಟ ಎಂದುಕೊಂಡು ಮತ್ತೊಮ್ಮೆ ಅಂದೆ. ಆಗ ನೋಡಿದೆ, ಅವರು ಬಿಡಲು ಪ್ರಯತ್ನಿಸುತ್ತಿದ್ದರು. ಬೆರಳುಗಳು ಮಾತು ಕೇಳುತ್ತಿರಲಿಲ್ಲ. ಅಷ್ಟು ಹೊತ್ತು ಹಿಡಿದು ಸೆಟೆದುಹೋಗಿದ್ದವು.

ಒಂದೊಂದೇ ಬೆರಳನ್ನು ಬಿಡಿಸಿದೆ. ಐಸಿನ ಹಾಗೆ ತಣ್ಣಗಿದ್ದವು. ಹಿರಿಯರ ಹೆಂಡತಿ ತನ್ನ ಸೆರಗಿನಿಂದ ಅವುಗಳನ್ನು ತಿಕ್ಕಿದಳು, ಮನೆಗೆ ಹೋಗಿ ಬಿಸಿ ಚಹಾ ತರುತ್ತೇನೆಂದು ಎದ್ದಳು. ಇವರು ಕಣ್ಣು ತೆರೆದು ಮೊದಲು ದೋಣಿಯನ್ನು ನೋಡುತ್ತಾರೆಂದು ಕಾದೆ. ನೋಡಿದ್ದು ನನ್ನ ಅಂಗೈಯನ್ನು. ಹಗ್ಗ ಎಳೆದಲ್ಲಿ ಚರ್ಮ ಕಿತ್ತು ರಕ್ತ ಒಸರುತ್ತಿತ್ತು. ನನಗೆ ಅಲ್ಲಿಯವರೆಗೆ ಗೊತ್ತೇ ಆಗಿರಲಿಲ್ಲ.

"ನೀನೂ ಎಳದಿಯೇನ?" ಅಂದರು. ಹಲ್ಲು ಕಟಕಟ ಅನ್ನುತ್ತಿತ್ತು, ಮಾತು ನೆಟ್ಟಗೆ ಬರುತ್ತಿರಲಿಲ್ಲ. "ದೋಣಿಗೋಸ್ಕರ?"

"ನಾ ದೋಣಿ ಎಳೀಲಿಲ್ರಿ," ಅಂದೆ. "ನಿಮ್ಮನ್ನ ಎಳದೆ."

ಅವರು ಆ ಬಲವಿಲ್ಲದ ಬೆರಳುಗಳಿಂದ ನನ್ನ ಕೈ ಹಿಡಿಯಲು ನೋಡಿದರು. ಹಿಡಿಯಲಾಗಲಿಲ್ಲ, ನಾನೇ ಹಿಡಿದುಕೊಂಡು ಕೂತೆ.